ಎರಡು ದ್ವೀಪ, ಒಂದು ಸಂಸಾರ

ಬೇಸಿಗೆ ರಜೆಯಲ್ಲಿ ಹುಡುಗ ಒಂದು ಹಳೇ ಸಾಹಸ ಕಾದಂಬರಿ ಓದಿ ಮುಗಿಸಲಿ ಎಂದು ಶಾಲೆಯಿಂದ ಅಪ್ಪಣೆಯಾಯಿತು. ಓದಬೇಕಾದವನು ಅವನೊಬ್ಬನೇ. ಆದರೆ ಫ್ರೀಮಾಂಟಿನ ನಮ್ಮ ಮನೆಯಲ್ಲಿ ಯಾವ ಅಕ್ಕಿ ತರಬೇಕೆನ್ನುವುದಕ್ಕೂ ಸಭೆ ಸೇರಲೇಬೇಕು. ಅದರಲ್ಲೂ ಮೈಸೂರಿನಿಂದ ಅತ್ತೆ-ಮಾವ ಬಂದಿಳಿದ ಕಾಲ. ಕಣದಲ್ಲಿ ಉಳಿದದ್ದು ಎರಡು ದ್ವೀಪ: ಸ್ಟೀವನ್‌ಸನ್‌ನ ‘ಟ್ರೆಷರ್ ಐಲ್ಯಾಂಡ್’, ಜೂಲ್ಸ್ ವರ್ನ್‌ನ ‘ಮಿಸ್ಟೀರಿಯಸ್ ಐಲ್ಯಾಂಡ್’.

ನನ್ನ ವೋಟು ವರ್ನ್‌ಗೆ, ಅವನ ಕಥಾನಾಯಕ ಎಂಜಿನಿಯರ್ ಎಂಬ ಜಾತಿಪ್ರೇಮದಿಂದ. ಬಲೂನಿನಿಂದ ಬರಿಗೈಯಲ್ಲಿ ದ್ವೀಪಕ್ಕೆ ಬಿದ್ದ ಸೈರಸ್ ಸ್ಮಿತ್, ಎರಡು ಗಡಿಯಾರದ ಗಾಜುಗಳ ನಡುವೆ ನೀರು ತುಂಬಿ, ಬಿಸಿಲಿಗೆ ಹಿಡಿದು ಬೆಂಕಿ ಹೊತ್ತಿಸುತ್ತಾನೆ. ಇಟ್ಟಿಗೆ ಸುಡುತ್ತಾನೆ, ಕಬ್ಬಿಣ ಕರಗಿಸುತ್ತಾನೆ, ನೈಟ್ರೋಗ್ಲಿಸರಿನ್ನನ್ನೂ ಬಿಡುವುದಿಲ್ಲ. “ಎಂಜಿನಿಯರ್ ಅಂದ್ರೆ ಹೀಗಿರಬೇಕು” ಎಂದೆ.

“ಹೌದ್ರೀ, ಬಚ್ಚಲುಮನೆ ನಲ್ಲಿ ಯುಗಾದಿಯಿಂದ ಸೋರ್ತಿದೆ” ಎಂದಳು ಹೆಂಡತಿ.

ಅವಳ ವೋಟು ಸ್ಟೀವನ್‌ಸನ್‌ಗೆ. ಅಲ್ಲಿ 34 ಅಧ್ಯಾಯ, ವರ್ನ್‌ನದು 62. ಮಗನನ್ನು ಕೂರಿಸಿ ಓದಿಸುವ ಪಾಳಿ ಯಾರದೆಂದು ಅವಳಿಗೆ ಗೊತ್ತು. ಮೇಲಾಗಿ ಸ್ಟೀವನ್‌ಸನ್ ನಮ್ಮ ಸೀಮೆಯ ಅಳಿಯ: 1880ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ಯಾನಿಯನ್ನು ಮದುವೆಯಾಗಿ, ಸೇಂಟ್ ಹೆಲೆನಾ ಬೆಟ್ಟದ ಪಾಳುಬಿದ್ದ ಗಣಿಮನೆಗೆ ಹೊಕ್ಕು ಮಧುಚಂದ್ರ ನಡೆಸಿದವನು. ಈ ಕಡೆ ಅಡ್ವಾನ್ಸ್ ಕೊಡದೆ ಮನೆ ಹಿಡಿದ ಗಂಡಸು ಇನ್ನೊಬ್ಬನಿರಲಾರ ಎಂದು ಅವಳಿಗೆ ಅವನ ಮೇಲೆ ಗೌರವ.

ಮಾವ ನಿವೃತ್ತ ಲೆಕ್ಕದ ಮೇಷ್ಟ್ರು. ಉತ್ತರ ಯಾವಾಗಲೂ ಪುಸ್ತಕದ ಹಿಂದೆ ಇರುತ್ತದೆ ಎಂದು ನಂಬಿದವರು. ನಶ್ಯ ಹಿಡಿದ ಬೆರಳಲ್ಲೇ ವರ್ನ್‌ನನ್ನು ಕೊನೆಯಿಂದ ತಿರುವಿದರು. ಅರೆಗಳಿಗೆಯಲ್ಲಿ ಕೂಗು: “ಲೋ, ಈ ಕ್ಯಾಪ್ಟನ್ ನೆಮೊ ನಮ್ಮ ಟಿಪ್ಪು ಸುಲ್ತಾನನ ಸಂಬಂಧಿಯಂತೆ ಕಣೋ!”

ವರ್ನ್ ಪುಸ್ತಕದ ಕೊನೆಯವರೆಗೆ ಬಚ್ಚಿಟ್ಟ ಗುಟ್ಟು. ಮೊದಲ ಪುಟವನ್ನೇ ನೋಡದ ಮಗ ಕಣ್ಣು ಬಿಟ್ಟ. ಮಾವ ಆಗಲೇ ಲೆಕ್ಕಕ್ಕೆ ಇಳಿದಿದ್ದರು. ಬುಂದೇಲಖಂಡದ ರಾಜನ ಮಗ. ಮೂವತ್ತನೆಯ ವಯಸ್ಸಿಗೆ, 1849ರಲ್ಲಿ, ಯುರೋಪಿನಿಂದ ಮರಳಿದ. ಅಂದರೆ ಹುಟ್ಟಿದ್ದು 1819. “ಟಿಪ್ಪು ಹೋಗಿದ್ದು 1799ರಲ್ಲಿ. ಹೋಗ್ಲಿ, ಶ್ರೀರಂಗಪಟ್ಟಣಕ್ಕೂ ಬುಂದೇಲಖಂಡಕ್ಕೂ ನಂಟಸ್ತಿಕೆ ಕುದುರಿಸಿದವರು ಯಾರು?”

“ತಾತಾ, ಇದು ಫಿಕ್ಷನ್!”

“ಫಿಕ್ಷನ್ ಆದ್ರೆ ವಯಸ್ಸು ಲೆಕ್ಕ ಹಾಕಬಾರದಾ?”

ಗುಟ್ಟು ರಟ್ಟಾದ ಪುಸ್ತಕ ತನಗೆ ಬೇಡವೆಂದ ಮಗ. ಹೆಂಡತಿಗೆ ಅವಿರೋಧ ಆಯ್ಕೆ.

ಅತ್ತೆಯನ್ನು ಯಾರೂ ಕೇಳಿರಲಿಲ್ಲ. ಆದರೆ ‘ಟ್ರೆಷರ್ ಐಲ್ಯಾಂಡ್’ ನಿಜಕ್ಕೂ ಹತ್ತಿದ್ದು ಅವರಿಗೇ. ಮೊಮ್ಮಗ ರಾತ್ರಿ ತನ್ನ ಮುರುಕು ಕನ್ನಡದಲ್ಲಿ ಕಥೆ ಒಪ್ಪಿಸಬೇಕು. ಒಂಟಿಕಾಲಿನ ಸಿಲ್ವರನಾಗಲಿ, ಹೂತಿಟ್ಟ ಚಿನ್ನವಾಗಲಿ ಅವರಿಗೆ ಲೆಕ್ಕಕ್ಕಿಲ್ಲ. ಅವರ ಜೀವವೆಲ್ಲ ಬೆನ್ ಗನ್ ಮೇಲೆ. ಜೊತೆಯವರು ದ್ವೀಪದಲ್ಲೇ ಬಿಟ್ಟುಹೋದ ಪ್ರಾಣಿ; ಮೂರು ವರ್ಷ ಮೇಕೆ ಮಾಂಸ ತಿಂದು, ರಾತ್ರಿಯೆಲ್ಲ ಚೀಸಿನ ಕನಸು ಕಾಣುತ್ತಾನೆ. ಅತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಮೈಸೂರು ಚಿಗುರೆಲೆಯ ಕಟ್ಟು ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರಿತ್ತು. ಅಂದಿನಿಂದ ಊಟವಾದ ಮೇಲೆ ಬರೀ ಅಡಿಕೆ ಕಡಿಯುತ್ತಾ ಕೂರುತ್ತಾರೆ. “ಆ ಸಂಕಟ ಏನೂಂತ ನಿಮಗೆ ತಿಳಿಯಲ್ಲ. ಅವನಿಗೆ ತಿಳಿಯುತ್ತೆ” ಎಂದರು.

ಡಾಕ್ಟರ್ ಲಿವ್ಸಿ ತನ್ನ ನಶ್ಯದ ಡಬ್ಬಿಯಲ್ಲಿದ್ದ ಪಾರ್ಮೆಸಾನ್ ಚೀಸಿನ ತುಂಡನ್ನು ಅವನಿಗೆಂದು ಎತ್ತಿಟ್ಟ ಜಾಗ ಬಂತು.

“ನಶ್ಯದ ಡಬ್ಬೀಲಾ? ಥೂ! ಡಾಕ್ಟ್ರಾಗಿ?”

“ಅವರು ನಶ್ಯ ಹಾಕೋದೇ ಇಲ್ಲ ಅಜ್ಜಿ. ಡಬ್ಬಿ ಇರೋದೇ ಚೀಸ್ ಇಟ್ಕೊಳ್ಳೋಕೆ.”

ಅತ್ತೆ ಮಾವನ ಕಡೆ ತಿರುಗಿದರು. “ಕೇಳಿಸ್ತಾ? ಓದಿದೋರು ಅಂದ್ರೆ ಹಾಗೆ. ನಾಳೆಯಿಂದ ನಿಮ್ಮ ಡಬ್ಬಿ ನನ್ನ ಅಡಿಕೆಗೆ.”