ಢುಂ ಢುಂ ಪುರಾಣ

ಹಳೇ ಯಂತ್ರಗಳ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಹುಚ್ಚು ಹತ್ತಿಸಿಕೊಂಡವರನ್ನು ‘ಏನ್ ಸಾರ್, ಹೇಗಿದ್ದೀರಿ?’ ಅಂತ ಕೇಳಿ ನೋಡಿ. ‘ಚೆನ್ನಾಗಿದೀನಿ, ಆದ್ರೆ ಮೂರನೇ ಢುಂ ಯಾಕೋ ತೆಳುವಾಗಿದೆ’ ಅಂತಾರೆ.

ಢುಂ ಅಂದರೆ 1978ರಲ್ಲಿ ಜಪಾನಿನ ಟೈಟೊ ಕಂಪನಿ ಹೊರತಂದ ‘ಸ್ಪೇಸ್ ಇನ್ವೇಡರ್ಸ್’ ಆಟದ ಸದ್ದು. ತೊಮೊಹಿರೊ ನಿಶಿಕಾಡೊ ಅವರ ಸೃಷ್ಟಿ. ಐದು ಸಾಲಿನಲ್ಲಿ 55 ಪೀಡೆಗಳು ಅಡ್ಡಡ್ಡ ಸರಿಯುತ್ತಾ ನಿಮ್ಮ ತಲೆ ಮೇಲೆ ಇಳಿದು ಬರುತ್ತವೆ. ಹಿಂದೆ ನಾಲ್ಕೇ ನಾಲ್ಕು ಢುಂ, ಮತ್ತೆ ಮತ್ತೆ. ಹೊಡೆದುರುಳಿಸಿದಷ್ಟೂ ಲಯ ಏರುತ್ತದೆ. ಕೊನೆಯದೊಂದು ಉಳಿದಾಗ ಬಡಿದುಕೊಳ್ಳುತ್ತಿರುವುದು ಯಂತ್ರವೋ ಆಡುವವನ ಎದೆಯೋ, ದೇವರಿಗೇ ಗೊತ್ತು.

1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಶುರುಮಾಡಿದ ‘ಮೇಮ್’ ಎಂಬ ಎಮ್ಯುಲೇಟರ್ ಬಂದಮೇಲೆ ಇಂಥ ಹಳೇ ಆಟಗಳೆಲ್ಲ ಮನೆ ಕಂಪ್ಯೂಟರಿಗೆ ಇಳಿದವು. ಆದರೆ ಈ ಆಟದ ಪ್ರೋಗ್ರಾಮನ್ನು ಅಕ್ಷರ ಬಿಡದೆ ಓದಿದರೂ ಅದರಲ್ಲಿ ಸದ್ದೇ ಇಲ್ಲ! ‘ಈಗ ಬಾರಿಸು’, ‘ಈಗ ನಿಲ್ಲಿಸು’ ಅನ್ನುವ ಅಪ್ಪಣೆಗಳಷ್ಟೇ. ಬಾರಿಸುತ್ತಿದ್ದದ್ದು ಬೋರ್ಡಿನ ಮೇಲೆ ಬೆಸುಗೆ ಹಾಕಿದ್ದ ರೆಸಿಸ್ಟರ್, ಕೆಪಾಸಿಟರುಗಳು. ಹಾರುವ ತಟ್ಟೆಯ ಊಳಿಗೆ ಮಾತ್ರ ಒಂದು ಸೌಂಡ್ ಚಿಪ್. ಪ್ರಸಂಗದ ಪುಸ್ತಕ ಸಿಕ್ಕಿತು, ಚೆಂಡೆ ಸಿಗಲಿಲ್ಲ.

ಸರಿ, ಅಸಲಿ ಯಂತ್ರದ ಸದ್ದನ್ನೇ ರೆಕಾರ್ಡ್ ಮಾಡಿ ಹೊತ್ತಿಗೆ ಸರಿಯಾಗಿ ನುಡಿಸಿದರು. ನನ್ನಂಥ ಪಾಮರನಿಗೆ ಅಷ್ಟು ಸಾಕಿತ್ತು. ಮಡಿವಂತರು ಬಿಡಬೇಕಲ್ಲ! ‘ಅದು ಮೋಸ’ ಅಂದರು. ಈಗ ಒಂದೊಂದು ಬಿಡಿಭಾಗದಲ್ಲೂ ಕ್ಷಣಕ್ಷಣಕ್ಕೆ ಎಷ್ಟು ವೋಲ್ಟೇಜ್ ಅಂತ ಲೆಕ್ಕ ಹಾಕಿಯೇ ಸದ್ದು ಹುಟ್ಟಿಸುತ್ತಾರೆ. ಚಿಲ್ಲರೆ ಕಾಸಿನ ಕೆಪಾಸಿಟರ್ ಆಡಿದ್ದನ್ನು ಆಡಿ ತೋರಿಸಲು ಇವತ್ತಿನ ಪ್ರೊಸೆಸರ್ ಬೆವರುತ್ತದೆ. ಅದನ್ನು ತಣ್ಣಗಿಡುವ ಫ್ಯಾನಿನ ಗದ್ದಲದಲ್ಲಿ ಢುಂ ಕೇಳಿಸದಿದ್ದರೆ ಅದು ಬೇರೆ ಮಾತು.

ನಾಮ್ಕೊದ ‘ಪ್ಯಾಕ್‌ಮ್ಯಾನ್’ (1980) ಬಡಪಾಯಿ. ಅದರ ಧ್ವನಿಗೆ ಬೇಕಾದ ಎಂಟು ಅಲೆಗಳು, ಒಂದೊಂದಕ್ಕೆ 32 ಮೆಟ್ಟಿಲಿನಂತೆ, ಪುಟ್ಟ ಚಿಪ್ಪಿನಲ್ಲಿ ಅಂಕಿಗಳಾಗಿಯೇ ಕೂತಿವೆ. ಓದಿಕೊಂಡರೆ ಮುಗಿಯಿತು. ಜಗಳಕ್ಕೆ ಜಾಗವೇ ಇಲ್ಲದ ಮೇಲೆ ಮಡಿವಂತರಿಗೇನು ರುಚಿ?

ತಮಾಷೆಯೆಂದರೆ, ಆ ಕಾಲದ ಕೆಪಾಸಿಟರುಗಳಲ್ಲಿ ಬರೆದ ಬೆಲೆಗಿಂತ ಶೇ. 20ರಷ್ಟು ಆಚೀಚೆ ಮಾಮೂಲು. ವಯಸ್ಸಾದಂತೆ ಒಣಗುತ್ತವೆ ಕೂಡ. ಅದರ ಮೇಲೆ ಸ್ಪೀಕರಿನ ಕಾಗದ, ಮರದ ಪೆಟ್ಟಿಗೆ, ಅಂಗಡಿಯವನು ತಿರುಗಿಸಿಟ್ಟ ವಾಲ್ಯೂಮು. ಅಕ್ಕಪಕ್ಕದ ಎರಡು ಯಂತ್ರಗಳೇ ಒಂದೇ ಢುಂ ಅನ್ನುತ್ತಿದ್ದವೆಂಬ ನೆಚ್ಚಿಕೆಯಿಲ್ಲ.

‘ಹಾಗಾದ್ರೆ ಅಸಲಿ ಢುಂ ಯಾವುದು ಸ್ವಾಮೀ?’ ಅಂತ ಇಂಥ ಇಬ್ಬರು ಮಡಿವಂತರನ್ನು ಕೇಳಿದೆ.

‘ನಾನು ಆಡಿದ ಯಂತ್ರದ್ದು!’ ಇಬ್ಬರೂ ಒಟ್ಟಿಗೇ ಹೇಳಿದರು. ಒಬ್ಬರು ಆಡಿದ್ದು ನ್ಯೂಜೆರ್ಸಿಯಲ್ಲಿ, ಇನ್ನೊಬ್ಬರು ಸಿಂಗಪುರದಲ್ಲಿ. ನಾನು ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕಿದೆ.