ಮೀನಿಗಿಲ್ಲದ ಬಣ್ಣದ ಚಿಂತೆ

ಹಸಿದ ಮೀನಿಗೆ ಎರೆ ಆರಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಆದರೂ ಮನುಷ್ಯ ಅದಕ್ಕಾಗಿ ಖಾನೆ ಖಾನೆಯ ಡಬ್ಬಿ ಕೊಳ್ಳುತ್ತಾನೆ. ಖಾನೆಗೊಂದು ಪ್ಲಾಸ್ಟಿಕ್ ಕಪ್ಪೆ, ಕಪ್ಪೆಗೊಂದು ಬಣ್ಣ. ಅಮೆರಿಕದ ಬಾಸ್ ಮೀನಿಗಾಗಿ ಬೆಳೆದ ಈ ಶಾಸ್ತ್ರ ಆನ್‌ಲೈನ್ ಪಾರ್ಸೆಲ್ ಹತ್ತಿ ಕಲಬುರಗಿಗೂ ಬರಬಲ್ಲದು. ಬಾಸ್ ಮಾತ್ರ ಬರುವುದಿಲ್ಲ. ಸ್ವಭಾವದಲ್ಲಿ ಅದಕ್ಕೆ ಹತ್ತಿರದ ನಮ್ಮ ಮೀನು ಕೊರವ, ಅಂದರೆ ಮರಲ್: ಹೊಂಚು ಹಾಕಿ ಕೂತು, ಕಪ್ಪೆಯೋ ಮರಿಮೀನೋ ಎದುರು ಸುಳಿದದ್ದನ್ನು ಗಬಕ್ಕನೆ ನುಂಗುವಂಥದ್ದು. ಗಾಳಿ ಕುಡಿಯಲು ಆಗಾಗ ಮೇಲೆ ಬರಲೇಬೇಕಾದ್ದರಿಂದ ತನ್ನ ವಿಳಾಸವನ್ನು ತಾನೇ ಸಾರಿಕೊಳ್ಳುತ್ತದೆ. ಇಂಥ ಮೀನು ಚುರುಕಾಗಿದ್ದಾಗ ನೋಡಬೇಕಾದ್ದು ಎರೆಯ ಓಟ ಮತ್ತು ಆಳ; ಬಣ್ಣ ಕೊಳ್ಳುವವನ ಸಂತೋಷಕ್ಕೆ. ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಹಸಿದು ನಿಂತವನು ಮಿರ್ಚಿ ಭಜ್ಜಿ ಎಷ್ಟು ಕೆಂಪಗಿದೆ ಎಂದು ವಿಚಾರಿಸುವುದಿಲ್ಲ. ಬಂಡಿ ಮುಂದೆ ಹೋಗಿಬಿಟ್ಟೀತು ಎಂಬುದೊಂದೇ ಅವನ ಆತಂಕ.

ಆದ್ದರಿಂದ ಚುರುಕು ಮೀನಿಗೆ ಯೋಚಿಸಲು ಪುರಸೊತ್ತು ಕೊಡಬಾರದು. ನೀರ ಮೇಲೆ ಚಳಚಳ ಓಡುವ ಕಪ್ಪೆಯೋ, ಗಿರಗಿರ ತಿರುಗುವ ತಗಡಿನ ಸ್ಪಿನ್ನರೋ ಇದ್ದರಾಯಿತು; ಬೇಗ ಎಳೆದಷ್ಟೂ ಹೆಚ್ಚು ನೀರು ಜಾಲಾಡಿದಂತೆ. ಮೂತಿಯ ಮುಂದೆ ನಿಧಾನದ ಉಪಚಾರ ಬೇಕಾದದ್ದು ಮಂಕು ಹಿಡಿದ ಮೀನಿಗೆ. ಡಬ್ಬಿ ತುಂಬ ಎರೆ ಇರಬೇಕೆಂದೂ ಇಲ್ಲ: 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ 22 ಪೌಂಡ್ 4 ಔನ್ಸಿನ ದಾಖಲೆಯ ಬಾಸ್ ಹಿಡಿದಾಗ, ಅವನಿಗೂ ಜೊತೆಗಾರನಿಗೂ ಸೇರಿ ಇದ್ದದ್ದು ಒಂದೇ ಎರೆ ಎನ್ನುತ್ತಾರೆ. (ದಾಖಲೆಯ ಮೀನನ್ನು ಮನೆಯವರು ತಿಂದು ಮುಗಿಸಿದರು.) ಆ ತೂಕ ಮುಟ್ಟಲು 2009ರ ತನಕ ಕಾಯಬೇಕಾಯಿತು; ಜಪಾನಿನ ಬಿವಾ ಸರೋವರದಲ್ಲಿ ಅದನ್ನು ಮುಟ್ಟಿದ ಮನಾಬು ಕುರಿತಾ ಗಾಳಕ್ಕೆ ಕಟ್ಟಿದ್ದು ಜೀವಂತ ಮೀನನ್ನು. ನಡುವಿನ 77 ವರ್ಷಗಳಲ್ಲಿ ಬೆಳೆದದ್ದು ಡಬ್ಬಿಯ ಖಾನೆಗಳು.

ಬಾಸ್ ಕಣ್ಣಿಗೆ ಕೆಂಪು, ಹಸಿರು ಚೆನ್ನಾಗಿ ತಿಳಿಯುತ್ತವೆ ಎಂದು ಪ್ರಯೋಗಗಳೇ ತೋರಿಸಿವೆಯಲ್ಲ ಎಂದು ಬಣ್ಣದ ಪಕ್ಷದವರು ಕೇಳಬಹುದು. ತಿಳಿಯಲಿ, ತಿಳಿದದ್ದಕ್ಕೆಲ್ಲ ಊಟ ಬಿಡುವ ವ್ರತ ಅದಕ್ಕಿಲ್ಲ. ಕಮಲಾಪುರದ ಕೆಂಬಾಳೆಯ ಬಣ್ಣದ್ದೇ ಎರೆ ಮಾಡಿದರೂ, ತಿಳಿನೀರಿನ ಆಳದಲ್ಲಿ ಮೊದಲು ಮಾಯವಾಗುವುದು ಆ ಕೆಂಪೇ. ಮಳೆಗಾಲದಲ್ಲಿ ಕಪ್ಪುನೆಲದ ಮಣ್ಣು ಹೊತ್ತು ಬರುವ ನೀರಿನಲ್ಲಂತೂ ಎಲ್ಲ ಬಣ್ಣಗಳೂ ಸರಿಸಮಾನ. ಅಲ್ಲಿ ಮೀನಿಗೆ ಆಸರೆ ಮೈಪಕ್ಕದ ಗೆರೆ, ನೀರಿನ ಅಲುಗಾಟವನ್ನು ಅರಿಯುವ ಅಂಗ. ಕಟ್ಲಾ, ರೋಹು ಈ ಪ್ಲಾಸ್ಟಿಕ್ಕಿಗೆಲ್ಲ ಬೀಳುವುದಿಲ್ಲ ಎಂಬ ಆಕ್ಷೇಪ ಮಾತ್ರ ಪೂರ್ತಿ ನಿಜ. ಅವು ಬೇಟೆಗಾರರಲ್ಲ, ಹಿಟ್ಟಿನ ಉಂಡೆಯ ಗಿರಾಕಿಗಳು. ಅವಕ್ಕೆ ಓಡುವ ಎರೆ ಬೇಡ, ನನ್ನ ವಾದವೂ ಬೇಡ. ಇನ್ನು ಗಟ್ಟಿಯಾದ ಆಕ್ಷೇಪ ಒಂದಿದೆ. ಮಳೆಗಾಲದಲ್ಲಿ ಕೆಂಪುಮರಿಗಳ ಹಿಂಡು ಕಾಯುವ ಕೊರವ ಹಸಿವಿಲ್ಲದೆಯೂ ಸಿಟ್ಟಿನಿಂದಲೇ ಎರೆಗೆ ಎರಗುತ್ತದೆ. ಅದು ಚುರುಕೇ ಹೌದು, ಆದರೆ ಕಾವಲುಗಾರನನ್ನು ಎಳೆದುಕೊಂಡರೆ ಮರಿಗಳು ಉಳಿದವರ ಊಟ. ಆ ದಿನಗಳಲ್ಲಿ ಡಬ್ಬಿ ಮನೆಯಲ್ಲೇ ಇರಲಿ. ಬಣ್ಣಗಳನ್ನು ಖಾನೆಗಳಲ್ಲಿ ಜೋಡಿಸುತ್ತ ಕೂರಲು ಅಡ್ಡಿಯಿಲ್ಲ.