ಸುಮ್ನೆ ಒಂದ್ಸಲ ಬರೆದು ಬಾ

ಸೈನ್ಸ್ ತಗೊಂಡ ಮಕ್ಕಳಿರುವ ಮನೆಯಲ್ಲಿ ಮಾರ್ಚ್‌ನಿಂದ ಮೇ ತನಕ ನೆಂಟರನ್ನು ಕರೆಯುವುದಿಲ್ಲ, ಟೀವಿಯ ದನಿ ಏರಿಸುವುದಿಲ್ಲ, ಕುಕ್ಕರ್ ಕೂಡ ಸ್ವಲ್ಪ ಮೆಲ್ಲಗೆ ಕೂಗಿದರೆ ಒಳ್ಳೆಯದು. ಪಿಯುಸಿ ಪರೀಕ್ಷೆ ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಜೆಇಇ ಎರಡನೇ ಸೆಷನ್, ಅದರ ಬೆನ್ನಿಗೇ ಸಿಇಟಿ, ಮೇ ಶುರುವಿಗೆ ನೀಟ್, ಆಮೇಲೆ ಕಾಮೆಡ್‌ಕೆ. ಸಂದಿಗೊಂದಿಗಳಲ್ಲಿ ಬಿಟ್ಸಾಟ್, ಖಾಸಗಿ ವಿಶ್ವವಿದ್ಯಾಲಯಗಳ ತಮ್ಮದೇ ಪರೀಕ್ಷೆಗಳು. ಯಾವ ದೇವರು ಕಣ್ಣು ಬಿಡುತ್ತಾನೋ ಯಾರಿಗೆ ಗೊತ್ತು ಅಂತ ಸಿಕ್ಕ ಗುಡಿಗೆಲ್ಲ ಹರಕೆ ಹೊರುವವರ ಹಾಗೆ, ಅಪ್ಪಂದಿರು ಡಿಸೆಂಬರ್‌ನಿಂದಲೇ ಅರ್ಜಿ ತುಂಬಿ ದುಡ್ಡು ಕಟ್ಟುತ್ತ ಬಂದಿರುತ್ತಾರೆ.

ಇಂಥ ಮನೆಯಲ್ಲಿ ಒಂದು ಬೆಳಿಗ್ಗೆ ಮಗಳು ಕಾಫಿ ಲೋಟ ಕೆಳಗಿಟ್ಟು, "ಅಪ್ಪಾ, ನಾನು ಕಾಮೆಡ್‌ಕೆ ಬರೆಯಲ್ಲ" ಅಂದುಬಿಟ್ಟರೆ?

ನಮ್ಮ ಎದುರು ಮನೆಯಲ್ಲಿ ಹೀಗೇ ಆಯಿತು. ಮದುವೆ ಬೇಡ ಅಂದಿದ್ದರೆ ಅಷ್ಟು ಗಲಾಟೆ ಆಗುತ್ತಿರಲಿಲ್ಲ. ಅಪ್ಪ ಮೊದಲು ಕೇಳಿದ್ದು "ಮೈ ಹುಷಾರಿಲ್ವಾ?" ಅಮ್ಮ ಕೇಳಿದ್ದು "ಯಾರು ಹೇಳಿಕೊಟ್ರು?" ಅಜ್ಜಿ ಒಬ್ಬಳೇ "ಪಾಪ, ಮಗು ಒಂದು ದಿನ ಮಲಕ್ಕೊಳ್ಳಲಿ ಬಿಡೋ" ಅಂದಳು. ಅಜ್ಜಿಯ ಮಾತಿಗೆ ಅಂಥ ಮನೆಗಳಲ್ಲಿ ಮೇ ಕೊನೆಯ ತನಕ ಬೆಲೆ ಇರುವುದಿಲ್ಲ. ಸಂಜೆಗೆ ಸುದ್ದಿ ಹುಬ್ಬಳ್ಳಿ ಮುಟ್ಟಿ, ಸೋದರತ್ತೆಯ ಫೋನ್ ಬಂತು. "ಯಾಕವ್ವಾ, ಏನಾತು? ಎಲ್ಲಾರೂ ಬರೀತಾರ, ನೀ ಒಬ್ಬಾಕಿ ಯಾಕ ಬಿಡ್ತಿ?"

ಅಪ್ಪಂದಿರ ಅಸ್ತ್ರ ಒಂದೇ: "ಸುಮ್ನೆ ಒಂದ್ಸಲ ಬರೆದು ಬಾ, ಹೋಗೋದೇನು?" ಹೋಗುವುದೇನು ಅಂತ ಲೆಕ್ಕ ಹಾಕಿದವಳು ಆ ಮನೆಯಲ್ಲಿ ಅವಳೊಬ್ಬಳೇ. ಸಿಇಟಿಯಲ್ಲಿ ಒಳ್ಳೇ ರ‍್ಯಾಂಕ್ ಬಂದರೆ ಸರ್ಕಾರಿ ಕೋಟಾದ ಶುಲ್ಕದಲ್ಲೇ ಖಾಸಗಿ ಕಾಲೇಜಿನಲ್ಲೂ ಓದಬಹುದು. ಅದೇ ಕಾಲೇಜಿಗೆ, ಅದೇ ಬೆಂಚಿಗೆ ಕಾಮೆಡ್‌ಕೆಯಿಂದ ಹೋದರೆ ಶುಲ್ಕ ಎಷ್ಟೋ ಪಾಲು ಜಾಸ್ತಿ. "ಸೀಟು ಸಿಕ್ತು ಅಂತಿಟ್ಕೊಳ್ಳಿ, ಕಟ್ತೀರಾ?" ಅಂದಳಂತೆ. ಅಪ್ಪ ಪೇಪರ್ ಮಡಿಸಿ ತರಕಾರಿ ತರಲು ಹೋದರು. ಮನೆಯಲ್ಲಿ ತರಕಾರಿ ಇತ್ತು.

ಅಪ್ಪನದೂ ಪೂರ್ತಿ ತಪ್ಪಲ್ಲ ಅನ್ನಿ. ಕಾಮೆಡ್‌ಕೆಯಲ್ಲಿ 180 ಪ್ರಶ್ನೆ, ಮೂರು ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. ಸಿಇಟಿಯಲ್ಲೂ ಹಾಗೇ: ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಕೊನೆಯ ಎರಡು ನಿಮಿಷದಲ್ಲಿ ಉಳಿದ ಗುಂಡಿಗೆಲ್ಲ ಕಣ್ಮುಚ್ಚಿ ಶಾಯಿ ತುಂಬಿದರೂ ನಷ್ಟವಿಲ್ಲ. ಜೆಇಇ ಮಾತ್ರ ಬಡ್ಡಿ ಸಾಹುಕಾರ. ಸರಿಗೆ ನಾಲ್ಕು ಕೊಟ್ಟು ತಪ್ಪಿಗೆ ಒಂದು ಕಿತ್ತುಕೊಳ್ಳುತ್ತದೆ. ಅದಕ್ಕೇ ಕೋಚಿಂಗ್ ಮೇಷ್ಟ್ರುಗಳು ಎರಡು ವರ್ಷ ಒಂದೇ ಮಂತ್ರ ಜಪಿಸುತ್ತಾರೆ: "ಗೊತ್ತಿಲ್ಲದ್ದನ್ನು ಬಿಡು, ಮುಂದಕ್ಕೆ ಹೋಗು." ಆ ಮಂತ್ರ ಕೇಳಲು ಲಕ್ಷಗಟ್ಟಲೆ ಫೀಸು ಕಟ್ಟಿದ ಅಪ್ಪನೇ, ಮಗಳು ಅದನ್ನು ಪರೀಕ್ಷೆಗೇ ಅನ್ವಯಿಸಿದಾಗ ಬೆಚ್ಚಿಬೀಳುತ್ತಾನೆ.

ಬಿಡುವುದರಲ್ಲೂ ತರಹೇವಾರಿ ಇದೆ. ಜನವರಿಯ ಜೆಇಇ ಚೆನ್ನಾಗಾಯಿತು, ಎರಡರಲ್ಲಿ ಹೆಚ್ಚಿನದೇ ಲೆಕ್ಕಕ್ಕೆ, ಏಪ್ರಿಲ್ಲಿನದು ಯಾಕೆ ಅನ್ನುವವನದು ಠೀವಿಯ ಬಿಡುವಿಕೆ. ಜನವರಿಯದು ಮಣ್ಣುಮುಕ್ಕಿತು, ಏಪ್ರಿಲ್ಲಿನದೂ ಅಷ್ಟೇ ಅನ್ನುವವನದು ವೈರಾಗ್ಯ. ಇಬ್ಬರೂ ಮನೆಯಲ್ಲಿ ಹೇಳುವ ವಾಕ್ಯ ಮಾತ್ರ ಒಂದೇ: "ಸಿಇಟಿ ಕಡೆ ಫೋಕಸ್ ಮಾಡ್ತೀನಿ." ಇನ್ನು ಪಿಸಿಎಂಬಿಯವರು ಸಿಇಟಿಯ ಒಳಗೇ ಬಯಾಲಜಿ ಬಿಡುತ್ತಾರೆ. ಡಾಕ್ಟರ್ ಸೀಟಿಗೆ ನೀಟ್ ಇದೆಯಲ್ಲ, ಇದ್ಯಾಕೆ ಅಂತ. ಜೂನ್‌ನಲ್ಲಿ ಯಾರೋ ಬಂದು "ಬಿಎಸ್‌ಸಿ ಅಗ್ರಿ ಈಗ ಭಾರೀ ಡಿಮ್ಯಾಂಡು" ಅಂದಾಗ ಗೊತ್ತಾಗುತ್ತದೆ, ಕೃಷಿಗೂ ಪಶುವೈದ್ಯಕ್ಕೂ ರ‍್ಯಾಂಕ್ ಬೇಕಾದರೆ ಆ ಬಯಾಲಜಿ ಬೇಕಿತ್ತು ಅಂತ.

ಮಕ್ಕಳನ್ನಷ್ಟೇ ಯಾಕೆ ಅನ್ನಬೇಕು? 2021ರಲ್ಲಿ ಕೊರೊನಾದಿಂದಾಗಿ ಸರ್ಕಾರವೇ ದ್ವಿತೀಯ ಪಿಯುಸಿ ಪರೀಕ್ಷೆ ಬಿಟ್ಟಿತು. ಅರ್ಧ ಪಿಯುಸಿ, ಅರ್ಧ ಸಿಇಟಿ ಸೇರಿಸಿ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವ ಪದ್ಧತಿ ಆ ವರ್ಷ ಒಂಟಿ ಕಾಲಲ್ಲಿ ನಿಂತು, ಸಿಇಟಿ ಅಂಕದ ಮೇಲೇ ಎಲ್ಲ ನಡೆಯಿತು. ಪರೀಕ್ಷೆ ತಪ್ಪಿತು ಅಂತ ಮಕ್ಕಳು ಕುಣಿದರು. ಮರುವರ್ಷ ಅದೇ ಬ್ಯಾಚಿನವರು ಇನ್ನೊಮ್ಮೆ ಸಿಇಟಿ ಬರೆದಾಗ, ಬರೆಯದ ಪಿಯುಸಿಯ ಅಂಕ ಸೇರಿಸಬೇಕೋ ಬೇಡವೋ ಅಂತ ಜಗಳ ಹೈಕೋರ್ಟ್ ತನಕ ಹೋಯಿತು. 2024ರ ಸಿಇಟಿಯದು ಇನ್ನೂ ಸ್ವಾರಸ್ಯ. ಪಠ್ಯದಲ್ಲೇ ಇಲ್ಲದ್ದನ್ನು ಕೇಳಿದ್ದಾರೆ ಅಂತ ರಂಪವಾಗಿ, ಪರೀಕ್ಷಾ ಪ್ರಾಧಿಕಾರ ನಾಲ್ಕು ಪತ್ರಿಕೆಗಳಿಂದ 50 ಪ್ರಶ್ನೆಗಳನ್ನು ಕೈಬಿಟ್ಟಿತು. ಆ ಪ್ರಶ್ನೆಗಳ ಮೇಲೆ ಪೆನ್ನು ಕಚ್ಚಿ, ಬೆವರಿ, ಉತ್ತರ ತೆಗೆದವನಿಗೂ, ಕಿಟಕಿಯಾಚೆ ನೋಡುತ್ತ ಕೂತವನಿಗೂ ಒಂದೇ ಲೆಕ್ಕ. ಆ ಎರಡನೆಯವನ ಅಪ್ಪ ಆ ವಾರವೆಲ್ಲ ಬೀದಿಯಲ್ಲಿ ಹೇಗೆ ನಡೆದಿರಬೇಡ!

ಇನ್ನು, ಒಂದು ಪತ್ರಿಕೆಯನ್ನು ಬಿಡುವ ಹಾಗೇ ಇಲ್ಲದ ಪಾಪದವರೂ ಇದ್ದಾರೆ. ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಅಂತಲೇ 50 ಅಂಕದ ಕನ್ನಡ ಪರೀಕ್ಷೆ ಉಂಟು. ಕಾಸರಗೋಡಿನ ಹುಡುಗ, ಅಕ್ಕಲಕೋಟೆಯ ಹುಡುಗಿ ಬಂದು ಕನ್ನಡ ಬರುತ್ತದೆ ಅಂತ ಬರೆದು ತೋರಿಸಬೇಕು. ಬೆಂಗಳೂರಿನಲ್ಲೇ ಬೆಳೆದು ಬಸ್ಸಿನ ಬೋರ್ಡನ್ನು ಬಣ್ಣ ನೋಡಿ ಗುರುತಿಸುವ ನಮ್ಮ ಚಿಕ್ಕಪ್ಪನ ಮಗನಿಗೆ ಆ ಕಾಟವಿಲ್ಲ.

ಎದುರು ಮನೆಯ ಕಥೆ ಏನಾಯಿತು ಅಂದಿರಾ? ಕಾಮೆಡ್‌ಕೆ ದಿನ ಹುಡುಗಿ ಹತ್ತು ಗಂಟೆ ತನಕ ಮಲಗಿದ್ದಳು. ಅಪ್ಪ ಮಾತ್ರ ಎಂಟಕ್ಕೇ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಿ, ಸ್ಕೂಟರ್ ಒರೆಸಿ, ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದರು. ಸಿಇಟಿ ಫಲಿತಾಂಶ ಬಂದು ಸೀಟು ಸಿಕ್ಕ ಮೇಲೆ ಅವರೇ ಎಲ್ಲರಿಗೂ ಹೇಳುತ್ತಿದ್ದಾರೆ: "ಬಿಡು ಅಂತ ನಾನೇ ಅಂದೆ ಸಾರ್, ಸುಮ್ನೆ ಯಾಕೆ ಸ್ಟ್ರೆಸ್ಸು."

ಇದನ್ನೆಲ್ಲ ನೋಡುತ್ತಿದ್ದ ಹತ್ತನೇ ಕ್ಲಾಸಿನ ತಮ್ಮ ಊಟಕ್ಕೆ ಕೂತಾಗ ಘೋಷಿಸಿದ: "ನಾನು ಕಾಮರ್ಸ್. ಒಂದು ಎಂಟ್ರೆನ್ಸೂ ಬೇಡ." ರಾತ್ರಿ ಹುಬ್ಬಳ್ಳಿಯಿಂದ ಸೋದರತ್ತೆಯ ವಾಟ್ಸಾಪ್ ಬಂತು. ಕ್ಲಾಟ್, ಸಿಯುಇಟಿ, ಐಪಿಎಂ ಪರೀಕ್ಷೆಗಳ ಪಟ್ಟಿ, ಕೆಳಗೆ ಒಂದು ಸಾಲು: "ಸಿಎ ಫೌಂಡೇಶನ್ ಈಗ ವರ್ಷಕ್ಕ ಮೂರು ಸಲ ಐತಂತ, ಸುಮ್ನ ಬರೀಲಿ."